ಮೋಡದ ಅಂಚಿನ ಚಳಿ

ಬೇಡ ಅಂತ ಹೇಳಿಬಿಡಬೇಕು. ಎರಡಕ್ಷರ, ಅಷ್ಟೇ ತಾನೇ. ಅಹಮದಾಬಾದಿನಿಂದ ಹೊರಟ ಗಾಡಿ ಮಣಿನಗರ ದಾಟಿ ವೇಗ ಹಿಡಿಯುವಷ್ಟರಲ್ಲಿ ವಿಂಧ್ಯಾ ಅದನ್ನು ಮನಸ್ಸಿನಲ್ಲೇ ಹಲವು ಬಗೆಯಲ್ಲಿ ಹೇಳಿ ನೋಡಿದ್ದಳು. ಮೆತ್ತಗೆ, ಬೇಡ ಅಪ್ಪ. ಜಾಣತನದಿಂದ, ಇನ್ನೊಂದು ವರ್ಷ ಹೋಗಲಿ ಅಪ್ಪ. ನಿಷ್ಠುರವಾಗಿ, ಈ ವಯಸ್ಸಿನಲ್ಲಿ ಇದೆಲ್ಲ ಏನಪ್ಪ. ಹೇಗೆ ಹೇಳಿದರೂ ಕಣ್ಣೆದುರು ಬರುವ ಅಪ್ಪ ಒಂದೇ ಮಾತು ಆಡುತ್ತಿದ್ದ: 'ಆಯ್ತು, ಬಿಡಮ್ಮ.' ಅಲ್ಲಿಗೆ ಅವಳ ಸಿದ್ಧತೆಯೆಲ್ಲ ಕುಸಿದುಬೀಳುತ್ತಿತ್ತು. ಜಗಳಕ್ಕೆ ಬರುವವರಿಗೆ ಬೇಡ ಅನ್ನುವುದು ಸುಲಭ. ಬಿಡಮ್ಮ ಅನ್ನುವವರಿಗೆ ಹೇಗನ್ನುವುದು? ವಿಮಾ ಕಂಪನಿಯಲ್ಲಿ ಊರೂರಿಗೆ ವರ್ಗವಾಗಿ, ಕೊನೆಗೆ ಸೂರತ್ತಿನಲ್ಲಿ ನಿವೃತ್ತನಾಗಿ ಅಲ್ಲೇ ಉಳಿದುಬಿಟ್ಟ ಅವಳಪ್ಪ ಸೀತಾರಾಮ ಹೋದ ವಾರ ಫೋನು ಮಾಡಿ, ಮೊದಲು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡಿದ್ದ. 'ನಮ್ಮ ಮೇಲಿನ ಮನೆ ನಳಿನಿಬೆನ್ ಇದ್ದಾರಲ್ಲ, ನೀನು ನೋಡಿದ್ದೀಯ. ಅವರೂ ಒಬ್ಬರೇ, ನಾನೂ ಒಬ್ಬನೇ. ರಿಜಿಸ್ಟರ್ ಮದುವೆ ಮಾಡ್ಕೊಳ್ಳೋಣ ಅಂತಿದ್ದೀವಿ ಕಣೇ. ನೀನು ಬಂದು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ. ನಂಗೇನೂ ಬೇಜಾರಿಲ್ಲ.' ಅಪ್ಪನೇ ಮಾತು ಬದಲಿಸಿ, ಅಲ್ಲಿ ಮಳೆ ಹೇಗಿದೆ ಎಂದು ಕೇಳಿದ. ಮೋಡ ಅಳೆಯುವುದೇ ಕಸುಬಾದವಳಿಗೆ ಆ ಹೊತ್ತು ಹೊರಗೆ ಮಳೆಯೋ ಬಿಸಿಲೋ ಹೇಳಲು ಗೊತ್ತಾಗಲಿಲ್ಲ.

ಇವತ್ತಿನ ಪ್ರಯಾಣಕ್ಕೆ ಅವಳು ಹೇಳಿದ್ದ ನೆಪ ಬೇರೆ. ತೊಡೆಯ ಮೇಲಿನ ಚೀಲದಲ್ಲಿ ಒಂದು ಖಾಲಿ ಸ್ಟೀಲ್ ಡಬ್ಬಿ ಇತ್ತು. 'ನನ್ನ ಹೆಪ್ಪು ಕೆಟ್ಟುಹೋಯ್ತು ಅಪ್ಪ, ನಿನ್ನ ಹತ್ರ ತಗೊಂಡು ಹೋಗೋಕೆ ಬರ್ತೀನಿ' ಅಂದಿದ್ದಳು. ಅದು ಸುಳ್ಳೂ ಅಲ್ಲ. ಅಮ್ಮ, ಗಿರಿಜಾ, ಮದುವೆಯಾದ ಹೊಸದರಲ್ಲಿ ನಂಜನಗೂಡಿನಿಂದ ವಡೋದರಾಕ್ಕೆ ರೈಲಿನಲ್ಲಿ ಬರುವಾಗ ತವರಿನ ಮೊಸರನ್ನು ಡಬ್ಬಿಯಲ್ಲಿ ತಂದಳಂತೆ. ದಾರಿಯಲ್ಲಿ ಸ್ಟೇಷನ್ನಿನಲ್ಲಿ ಸಿಕ್ಕ ಹಾಲು ಕೊಂಡು ಮತ್ತೆ ಹೆಪ್ಪು ಹಾಕಿ, ಅದನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಮಾಡಿದಳಂತೆ. ಅವತ್ತಿನಿಂದ ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು. ಅಂಗಡಿಯ ಮೊಸರು ಅದನ್ನು ಮುಟ್ಟಿದ್ದಿಲ್ಲ. ವಿಂಧ್ಯಾ ಹಾಸ್ಟೆಲಿಗೆ ಹೋದಾಗ ಅದರ ಒಂದು ಚಮಚ ಅವಳ ಜೊತೆ ಹೋಯಿತು, ಅಪ್ಪನಿಗೆ ವರ್ಗವಾದಾಗ ಇನ್ನೊಂದು ಚಮಚ ಸೂರತ್ತಿಗೆ. ತನ್ನದು ಹುಳಿಯಾದಾಗಲೆಲ್ಲ ಅವಳು ಅಪ್ಪನ ಮನೆಯಿಂದ ಮತ್ತೆ ಒಂದು ಚಮಚ ತರುತ್ತಿದ್ದಳು. ಅಮ್ಮ ಹೋದಳು, ಮೊಸರು ಹೋಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಜೊತೆಗೆ ಕೂರುವ ತನ್ನ ಸಂಶೋಧನಾ ವಿದ್ಯಾರ್ಥಿ ಮಂಥನ್‌ಗೆ ಅವಳು ಡಬ್ಬಿ ತೆರೆದು ತೋರಿಸಿ, 'ಇದು ನನಗಿಂತ ಹಿರಿಯದು, ಮರ್ಯಾದೆ ಕೊಡು' ಎಂದು ತಮಾಷೆ ಮಾಡುತ್ತಿದ್ದಳು. ಈ ಆಗಸ್ಟಿನಲ್ಲಿ ಮೋಡ ಅಳೆಯುವ ವಿಮಾನ ಹಾರಾಟಕ್ಕೆಂದು ವಡೋದರಾದಲ್ಲಿ ಉಳಿದು ವಾಪಸು ಬಂದು ನೋಡಿದರೆ ಫ್ರಿಜ್ಜಿನಲ್ಲಿ ಹಸಿರು ಬೂಸಲು. ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು. ಮೊಸರಿಗೆ ಅಳುವ ವಿಜ್ಞಾನಿಯನ್ನು ಯಾರಾದರೂ ನೋಡಿದ್ದರೆ ಸಂಬಳ ನಿಲ್ಲಿಸುತ್ತಿದ್ದರು ಎಂದು ಆಮೇಲೆ ಅವಳಿಗೇ ನಗು ಬಂತು.

ಆಣಂದದ ಕಡೆಯ ಬಾಳೆತೋಟಗಳ ಮೇಲೆ ಬೆಳಗಿನ ಮೋಡಗಳು ಏಳತೊಡಗಿದ್ದವು. ಮಳೆ ಬಿಡುವು ಕೊಟ್ಟ ದಿನದ ಚೊಕ್ಕ ಮೋಡಗಳು, ಕೆಳಗೆ ಚಪ್ಪಟೆ, ಮೇಲೆ ಉಬ್ಬುಬ್ಬು. ಮಕ್ಕಳು ಚಿತ್ರದಲ್ಲಿ ಬರೆಯುವ ಮೋಡ ಇದೇ. ಇದಕ್ಕೂ ಸುತ್ತಲಿನ ಗಾಳಿಗೂ ನಡುವೆ ಒಂದು ಗೆರೆ ಇದೆ ಎಂದು ನೋಡಿದವರಿಗೆಲ್ಲ ಅನಿಸುತ್ತದೆ. ಇಲ್ಲ ಎಂದು ಹೇಳುವುದಕ್ಕೇ ವಿಂಧ್ಯಾಗೆ ಸಂಬಳ. ಮೋಡ ಮೇಲೇರುತ್ತಾ ಏರುತ್ತಾ ಪಕ್ಕದ ಒಣಗಾಳಿಯನ್ನು ಸುರುಳಿ ಸುರುಳಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಹನಿಗಳು ಆರುತ್ತವೆ, ಆರುವಾಗ ಗಾಳಿ ತಣ್ಣಗಾಗುತ್ತದೆ, ತಣ್ಣಗಾದದ್ದು ಅಂಚಿನಲ್ಲೇ ಕೆಳಗೆ ಜಾರುತ್ತದೆ. ಏನನ್ನೂ ಬೆರೆಸಿಕೊಳ್ಳದೆ ನೆಟ್ಟಗೆ ಮೇಲೇರುವ ಮೋಡ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಮಾತ್ರ ಇದೆ, ಆದರೂ ಅಳೆದ ಪ್ರತಿ ಮೋಡವನ್ನೂ ಅದರ ಪಕ್ಕದಲ್ಲೇ ಇಟ್ಟು, ಇದು ಅದಕ್ಕಿಂತ ಎಷ್ಟು ಕಡಿಮೆ ಎಂದು ಲೆಕ್ಕ ಹಾಕುವುದು ರೂಢಿ. ಪುಟ್ಟ ವಿಮಾನದ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ಕಾಗದದ ಚೀಲಕ್ಕೆ ವಾಂತಿ ಮಾಡಿಕೊಂಡು, ಮೋಡದೊಳಗೆ ನುಗ್ಗಿ ಹೊರಬರುವುದು ಅವಳಿಗೆ ಯಾವ ಹಬ್ಬಕ್ಕೂ ಕಡಿಮೆಯಲ್ಲ. ಆಗಸ್ಟಿನ ಹಾರಾಟಗಳಲ್ಲಿ ಪ್ರತಿ ಮೋಡದ ಹೊರಗೂ ಥರ್ಮಾಮೀಟರು ಬಹಳ ತಣ್ಣನೆಯ ಗಾಳಿ ತೋರಿಸಿತು. ಇಷ್ಟು ಚಳಿಯನ್ನು ಮೋಡದಂಚಿನಲ್ಲಿ ಯಾರೂ ಅಳೆದಿರಲಿಲ್ಲ. ಆ ಖುಷಿಗೆ ಅವಳು ಸಂಸ್ಥೆಯ ಸಭೆಯಲ್ಲಿ ಎದ್ದು ನಿಂತು ಚಿತ್ರ ತೋರಿಸಿದಳು. ಕೊನೆಗೆ ನಿವೃತ್ತ ವಿಜ್ಞಾನಿ ಶಂಕರನಾರಾಯಣ ಎದ್ದರು. ಕೇಳಿದ್ದು ಒಂದೇ ಪ್ರಶ್ನೆ, ಅದೂ ಪ್ರೀತಿಯಿಂದ: 'ನಿಮ್ಮ ಥರ್ಮಾಮೀಟರು ಒದ್ದೆಯಾಗಿರಲಿಲ್ಲ ತಾನೇ?'

ಒದ್ದೆಯಾಗಿತ್ತು. ಮೋಡದೊಳಗೆ ಹಾದುಬಂದ ಥರ್ಮಾಮೀಟರು ಮೈತುಂಬ ಮೋಡದ ನೀರು ಹೊತ್ತುಕೊಂಡೇ ಹೊರಗೆ ಬರುತ್ತದೆ. ಬೆವೆತ ಮೈಗೆ ಫ್ಯಾನಿನ ಗಾಳಿ ತಾಗಿದ ಹಾಗೆ, ಆ ನೀರು ಆರುವವರೆಗೂ ಅದಕ್ಕೆ ಹೊರಗಿನದೆಲ್ಲ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ಹೊರಬಂದ ಕೂಡಲೇ ಅದು ಹೇಳಿದ್ದನ್ನು ನಂಬಬೇಡ, ಆರಲು ಬಿಡು, ಆಮೇಲೆ ಓದು: ಇದನ್ನು ಅವಳೇ ಮಂಥನ್‌ಗೆ ಕಲಿಸಿದ್ದಳು. ತನ್ನ ಸರದಿ ಬಂದಾಗ ಮರೆತಳು. ಮರೆತದ್ದೂ ಅಲ್ಲ, ಆ ಚಳಿ ಅವಳಿಗೆ ಬೇಕಾಗಿತ್ತು. ಸಭೆಯಲ್ಲಿ ಯಾರೂ ನಗಲಿಲ್ಲ. ಮಂಥನ್ ತಲೆ ತಗ್ಗಿಸಿ ತನ್ನ ಬೂಟಿನ ಲೇಸು ನೋಡುತ್ತಾ ಕೂತಿದ್ದ. ನಕ್ಕಿದ್ದರೂ ತಡೆದುಕೊಳ್ಳಬಹುದಿತ್ತು, ಆ ಹುಡುಗನ ಮರುಕ ಮಾತ್ರ ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ವಡೋದರಾದಲ್ಲಿ ಗಾಡಿ ನಿಂತಿತು. ಆಲ್ಕಾಪುರಿಯ ಕಡೆಯ ಬಾಗಿಲಿನಿಂದ ಜನ ನುಗ್ಗಿ ಬಂದರು. ಇದೇ ಪ್ಲಾಟ್‌ಫಾರಂ ಮೇಲೆ ಅಮ್ಮ ನೈಲಾನ್ ಸೀರೆಯ ಸೆರಗು ಬಿಗಿದುಕೊಂಡು, ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಅಪ್ಪನ ಅಂಗಿಯ ತೋಳು ಹಿಡಿದುಕೊಂಡು ಇಳಿದಿರಬೇಕು. ಗೋರ್ವಾದ ಎರಡು ಕೋಣೆಯ ಮನೆ, ಕಾರ್ಖಾನೆಯ ಶಿಫ್ಟಿನ ಸೈರನ್ನಿಗೆ ಏಳುವ ಬೀದಿ, ಹೆಪ್ಪು ಕೇಳಿಕೊಂಡು ಬಟ್ಟಲು ಹಿಡಿದು ಬರುವ ಅಕ್ಕಪಕ್ಕದ ಬೆನ್‌ಗಳು. ಅಮ್ಮ ಎಲ್ಲರಿಗೂ ಕೊಡುತ್ತಿದ್ದಳು. ಆದರೆ ಒಂದು ಸಲ ಮನೆಯ ಹಾಲು ಒಡೆದು ಹೆಪ್ಪು ಉಳಿಯುವುದೇ ಅನುಮಾನವಾದಾಗ ಪಕ್ಕದ ಮನೆಯಾಕೆ ತಾನಾಗಿ ತಂದ ಮೊಸರನ್ನು ತಗೊಳ್ಳಲಿಲ್ಲ. 'ಕೊಡೋದು ಕೊಡೋಣ, ತಗೊಳ್ಳೋದು ಬೇಡ' ಎಂದು ಒಳಗೆ ಬಂದು ಪಿಸುಗುಟ್ಟಿದ್ದಳು, ಜಂಬದಿಂದಲ್ಲ, ತವರು ಕೈಜಾರಿ ಹೋದೀತೆಂಬ ಭಯದಿಂದ. ಪಾತ್ರೆಯ ತಳ ಕೆರೆದು ಆ ಚೂರಿನಿಂದಲೇ ಹೆಪ್ಪು ಹಾಕಿ, ಬೆಳಗ್ಗೆ ಅದು ಗಟ್ಟಿಯಾದಾಗ ಪುಟ್ಟ ವಿಂಧ್ಯಾಳನ್ನು ಎಬ್ಬಿಸಿ ತೋರಿಸಿದ್ದಳು. ಗಾಡಿ ಹೊರಟಿತು. ಭರೂಚಿನ ಹುರಿದ ಕಡಲೆಕಾಯಿ ಮಾರುವವನು ಬಂದ. ಅಪ್ಪನಿಗೆ ಇಷ್ಟವೆಂದು ಒಂದು ಪೊಟ್ಟಣ ಕೊಂಡಳು. ಬೇಡ ಅನ್ನಲು ಹೊರಟವಳು ಕಡಲೆಕಾಯಿ ಒಯ್ಯುತ್ತಿದ್ದೀನಲ್ಲ ಎಂದುಕೊಂಡು ಅದನ್ನು ಚೀಲದ ತಳಕ್ಕೆ ತುರುಕಿದಳು, ಅಪ್ಪನ ಉಗುರು ಕತ್ತರಿಸುವ ನೇಲ್‌ಕಟ್ಟರಿನ ಪಕ್ಕಕ್ಕೆ. ಅಮ್ಮ ಹೋದಮೇಲೆ ಅದು ಅವಳ ಕೆಲಸ. ಹೋದಾಗಲೆಲ್ಲ ಬಾಲ್ಕನಿಯಲ್ಲಿ ಅಪ್ಪನನ್ನು ಕೂರಿಸಿ, ಬೈಯುತ್ತಾ ಬೈಯುತ್ತಾ ಕತ್ತರಿಸುತ್ತಾಳೆ.

ಸೂರತ್ತಿನಲ್ಲಿ ಇಳಿದು, ಅಪ್ಪನ ಬಡಾವಣೆ ಅಡಾಜಣ್‌ಗೆ ಹೊರಟ ಆಟೋ ತಾಪಿ ನದಿಯ ಸೇತುವೆ ದಾಟುವಾಗ ಬಿಸಿಲು ಸುಡುತ್ತಿತ್ತು. ಬಾಗಿಲು ತೆಗೆದವರು ನಳಿನಿಬೆನ್. 'ಆವ್ ಬೇಟಾ, ಆವ್' ಎಂದು ಒಳಗೆ ಕರೆದರು, ಅವಳ ಅಪ್ಪನ ಮನೆಗೆ ಅವಳನ್ನು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ದಪ್ಪ ಕನ್ನಡಕ, ಬೆಳ್ಳಗಿನ ತುರುಬು. ಅವರ ಹಿಂದೆ ಅಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಣ್ಣು ನೋಡಲು ಬಂದು ಹೆಣ್ಣಿನ ಮನೆಯವರೆದುರು ನಿಂತ ಗಂಡಿನಷ್ಟು ಪೇಚಾಡುತ್ತಾ ನಿಂತಿದ್ದ. 'ಗಾಡಿ ಸರಿಯಾದ ಟೈಮಿಗೆ ಬಂತಾ?' ಅಂದ. ಅವಳ ಕೈಯಿಂದ ಚೀಲ ತಗೊಳ್ಳಲು ಕೈ ನೀಡಿದಾಗ ವಿಂಧ್ಯಾ ನೋಡಿದಳು, ಉಗುರು ಕತ್ತರಿಸಿತ್ತು. ಒಪ್ಪವಾಗಿ, ದುಂಡಗೆ. ಎದೆಯಲ್ಲೆಲ್ಲೋ ಚಳಿ ಹೊಕ್ಕಿತು. ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಎಡಗಡೆಯಿಂದ ಬಲಗಡೆಗೆ ಬಂದಿತ್ತು. ಅಮ್ಮನ ಒಗ್ಗರಣೆ ಸೌಟು ಬೇರೆ ಮೊಳೆಗೆ ನೇತಾಡುತ್ತಿತ್ತು. ಕಿಟಕಿಯ ತುಳಸಿಗೆ ಹೊಸ ಕುಂಡ. ಅವಳು ಒಂದೊಂದನ್ನೂ ನೋಡಿ, ಇದು ಮೊದಲಿಗಿಂತ ಎಷ್ಟು ಕಡಿಮೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾ ಹೋದಳು. ಬೇಡ ಅನ್ನುವುದು ಈಗ ಕಷ್ಟವೇನಲ್ಲ, ಊಟವಾಗಲಿ, ಹೇಳಿಬಿಡುತ್ತೇನೆ ಅಂದುಕೊಂಡಳು.

ಊಟಕ್ಕೆ ಸಾರು ಮಾಡಿದ್ದರು, ಅಪ್ಪ ಹೇಳಿಕೊಟ್ಟ ಸಾರು. ಅದು ಸಾರಿನ ಹಾದಿಯಲ್ಲಿ ಹೊರಟು ಎಲ್ಲೋ ಗುಜರಾತಿ ದಾಳ್‌ನ ಮನೆಗೆ ಹೋಗಿ ಕೂತಿತ್ತು. 'ಚಾಲ್ಶೆ?' ಎಂದು ನಳಿನಿಬೆನ್ ಕೇಳಿದರು, ನಡೆಯುತ್ತಾ ಎಂದು. 'ಚೆನ್ನಾಗಿದೆ' ಅಂದಳು ವಿಂಧ್ಯಾ, ಮನೆಗೆ ಬಂದ ಅತಿಥಿ ಹೇಳುವ ಹಾಗೆ. ಆಮೇಲೆ ಮೊಸರು ಬಂತು. ಕಲ್ಲಿನ ಬಟ್ಟಲಿನಲ್ಲಿ, ಚಮಚ ಇಟ್ಟರೆ ಸೀಳಿ ನಿಲ್ಲುವಂಥ ಮೊಸರು. ಅನ್ನಕ್ಕೆ ಕಲೆಸಿ ಮೊದಲ ತುತ್ತು ಬಾಯಿಗಿಟ್ಟಳು. ಅಯ್ಯೋ, ಅಮ್ಮ. ಅದೇ ಹದ, ಅದೇ ಕೊನೆಯಲ್ಲಿ ಬರುವ ಸಣ್ಣ ಹುಳಿ. ಇಷ್ಟೆಲ್ಲ ಬದಲಾದ ಮನೆಯಲ್ಲಿ ಇದೊಂದು ಬದಲಾಗಿಲ್ಲವಲ್ಲ. ಅವಳ ಕಣ್ಣು ತುಂಬಿತು.

'ನೋಡಪ್ಪ, ಏನೇ ಆದ್ರೂ ಇದು ಮಾತ್ರ ಅಮ್ಮಂದು' ಅಂದಳು. ನಳಿನಿಬೆನ್‌ಗೂ ತಿಳಿಯಲಿ ಎಂದು ಅದನ್ನೇ ಹಿಂದಿಯಲ್ಲೂ ಹೇಳಿದಳು. ಬೇಕೆಂದೇ ಹೇಳಿದಳು.

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ನಳಿನಿಬೆನ್ ಅವನ ಮುಖ ನೋಡಿದರು. 'ನೀವು ಮಗಳಿಗೆ ಹೇಳೇ ಇಲ್ಲವಾ?'

'ಹೇಳೋಣ ಅಂತ...' ಅಂದ ಅಪ್ಪ, ಹೋಮ್‌ವರ್ಕ್ ಮಾಡದ ಹುಡುಗನ ದನಿಯಲ್ಲಿ.

'ಹಾಗಾದರೆ ನಾನೇ ಹೇಳ್ತೀನಿ' ಎಂದು ನಳಿನಿಬೆನ್ ಹಿಂದಿಯಲ್ಲಿ, ಪಾಠ ಮಾಡುವಷ್ಟೇ ನಿಧಾನವಾಗಿ ಹೇಳಿದರು. 'ಬೇಟಾ, ಹೋದ ವರ್ಷದ ಹಿಂದಿನ ಚಳಿಗಾಲ ನಿನ್ನಪ್ಪನಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿದ್ದರಲ್ಲ. ಮನೆಗೆ ಬಂದು ನೋಡಿದರೆ ಮೊಸರು ಕೆಟ್ಟಿತ್ತು. ಪಾತ್ರೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಜ್ವರ ಬಂದಾಗ ಅಳಲಿಲ್ಲ, ಅವತ್ತು ಅಳುತ್ತಿದ್ದರು. ಬದಿಯಲ್ಲಿ ಒಂದಿಷ್ಟು ಚೆನ್ನಾಗಿರೋದು ಉಳಿದಿತ್ತು. ಅದು ಒಂದು ಚಮಚ, ನನ್ನ ಮನೆಯದು ಒಂದು ಚಮಚ, ಎರಡೂ ಸೇರಿಸಿ ಹಾಕಿದೆ. ಆಯಿತು. ಆಮೇಲೆ ದಿನಾ ಹಾಕುತ್ತಾ ಹೋದಮೇಲೆ ಅದರಲ್ಲಿ ಅವರದೆಷ್ಟು, ನನ್ನದೆಷ್ಟು, ದೇವರಿಗೇ ಗೊತ್ತು.'

ಅಂದರೆ ಆ ಚಳಿಗಾಲದ ನಂತರ ಅಹಮದಾಬಾದಿಗೆ ಅವಳು ಒಯ್ದದ್ದೂ ಇದೇ. ನನಗಿಂತ ಹಿರಿಯದು ಎಂದು ಮಂಥನ್‌ಗೆ ತೋರಿಸಿದ್ದೂ ಇದೇ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತದ್ದೂ ಇದಕ್ಕೇ. ವಿಂಧ್ಯಾ ಕೈ ತೊಳೆದು ಬಾಲ್ಕನಿಗೆ ಹೋಗಿ ನಿಂತಳು. ಯಾರೂ ಹಿಂದೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಒಬ್ಬರೂ ಸಿಗಲಿಲ್ಲ. ಕಸುಬಿನ ಚಾಳಿ, ತಲೆ ತಾನಾಗಿ ಲೆಕ್ಕಕ್ಕೆ ಕೂತಿತ್ತು: ಇಷ್ಟು ಭಾಗ ಮೋಡದ ಗಾಳಿ, ಇಷ್ಟು ಭಾಗ ಹೊರಗಿನದು. ಯಾವ ಗಾಳಿ ತಂದುಕೊಟ್ಟರೂ ಭಾಗ ಮಾಡಿ ಹೇಳಬಲ್ಲವಳಿಗೆ ಒಂದು ಬಟ್ಟಲು ಮೊಸರನ್ನು ಭಾಗ ಮಾಡಲಾಗಲಿಲ್ಲ. ಆದರೂ ಮೊದಲ ತುತ್ತಿಗೆ ನಾಲಿಗೆ ಅಮ್ಮ ಅಂದಿತಲ್ಲ. ಅದೇ ಮೈ ಬಾಗಿಲಲ್ಲಿ ನಳಿನಿಬೆನ್‌ರನ್ನು ಕಂಡೊಡನೆ ಚಳಿ ಅಂದಿತು, ಉಪ್ಪಿನ ಜಾಡಿಗೆ ಚಳಿ, ಕತ್ತರಿಸಿದ ಉಗುರಿಗೂ ಚಳಿ. ಅಮ್ಮನ ಮನೆಯಿಂದ ಮೈತುಂಬ ಒದ್ದೆ ಹೊತ್ತುಕೊಂಡು ಬಂದವಳು ನಾನಲ್ಲವೇ ಎಂದು ಅವಳಿಗೆ ಅನಿಸಿತು. ಅಂಚಿನಲ್ಲಿ ಚಳಿ ಇಲ್ಲ ಅಂತಲ್ಲ. ಇದೆ, ನಿಜವಾಗಿಯೂ ಇದೆ, ಶಂಕರನಾರಾಯಣರೂ ಅದನ್ನು ಅಲ್ಲಗಳೆಯಲಿಲ್ಲ. ಅಷ್ಟಿಲ್ಲ, ಅಷ್ಟೇ. ಆರಲು ಬಿಡಬೇಕು.

ತಾಪಿಯ ಆಚೆ ಹಳೆ ಊರಿನ ಮೇಲೆ ಒಂದು ಮೋಡ ಎದ್ದು, ತುದಿ ಹರಿದು, ನೋಡನೋಡುತ್ತಾ ಕರಗಿಹೋಯಿತು. ಕರಗಿದ್ದು ಹಾಳಾಗಲಿಲ್ಲ, ಅಲ್ಲಿನ ಗಾಳಿಯಲ್ಲೇ ತೇವವಾಗಿ ಉಳಿಯಿತು. ಅದೇ ಜಾಗದಲ್ಲಿ ಏಳುವ ಮುಂದಿನ ಮೋಡಕ್ಕೆ ಅಷ್ಟು ಒಣಗಾಳಿಯ ಕಾಟವಿಲ್ಲ, ಅದು ಇನ್ನಷ್ಟು ಮೇಲೆ ಹೋಗುತ್ತದೆ. ಇದನ್ನು ಅವಳು ಎಷ್ಟು ತರಗತಿಗಳಲ್ಲಿ ಹೇಳಿಲ್ಲ! ಅಮ್ಮ ಇಲ್ಲದಿದ್ದರೆ ಸೂರತ್ತಿನ ಈ ಮನೆಯಲ್ಲಿ ಕೆಟ್ಟುಹೋದ ಮೊಸರಿಗಾಗಿ ಅಳುವ ಗಂಡಸು ಇರುತ್ತಿದ್ದನೇ, ಅವನ ಅಳು ಕಂಡು ಮನೆಯಿಂದ ಬಟ್ಟಲು ತರುವ ಹೆಂಗಸು ಇರುತ್ತಿದ್ದರೇ. ಅಪ್ಪನ ಚಪ್ಪಲಿಯ ಸದ್ದಾಯಿತು. ಬಂದು ಪಕ್ಕದಲ್ಲಿ ನಿಂತ. ಕಂಬಿಯ ಮೇಲೆ ಕೈ ಇಟ್ಟ, ದುಂಡಗೆ ಕತ್ತರಿಸಿದ ಉಗುರು. ಅಮ್ಮ ತೀರಿಕೊಂಡ ವರ್ಷ ಈ ಮನುಷ್ಯ ಮಡಿಸಿದ ಅಂಗಿಗಳನ್ನೇ ಕಪಾಟಿನಿಂದ ತೆಗೆದು, ಬಿಚ್ಚಿ, ಮತ್ತೆ ಮಡಿಸಿ ಇಡುತ್ತಾ ಭಾನುವಾರಗಳನ್ನು ಕಳೆಯುತ್ತಿದ್ದ. ಏನಪ್ಪ ಮಾಡ್ತಿದ್ದೀಯ ಎಂದು ಕೇಳಿದರೆ ಕಪಾಟು ಸರಿಮಾಡ್ತಿದ್ದೀನಿ ಅನ್ನುತ್ತಿದ್ದ. ಅವಳು ಅಹಮದಾಬಾದಿನಲ್ಲಿ ಫೋನಿಟ್ಟು ಮೋಡ ನೋಡಲು ಹೋಗುತ್ತಿದ್ದಳು.

'ವಿಂಧ್ಯಾ' ಅಂದ ಅಪ್ಪ. 'ಮೊದಲೇ ಹೇಳಬೇಕಿತ್ತು. ಹೇಳಿದ್ರೆ ನಿನ್ನದೂ ಹೋಯ್ತು ಅಂತ ಬೇಜಾರು ಮಾಡ್ಕೋತೀಯ ಅಂತ ಸುಮ್ನಾದೆ ಕಣೇ.' ಆಮೇಲೆ, ಅವಳು ರೈಲಿನುದ್ದಕ್ಕೂ ಕೇಳಿಸಿಕೊಂಡು ಬಂದಿದ್ದ ದನಿಯಲ್ಲೇ, 'ಬಿಡಮ್ಮ. ನಾನು ಅವರಿಗೆ ಹೇಳ್ತೀನಿ. ಅರ್ಥ ಮಾಡ್ಕೋತಾರೆ.'

'ಬಿಸಿಲಲ್ಲಿ ನಿಂತ್ಕೋಬೇಡ, ಒಳಗೆ ನಡಿ' ಅಂದಳು.

ಚೀಲದಿಂದ ಕಡಲೆಕಾಯಿ ಪೊಟ್ಟಣ ತೆಗೆದು ಅಪ್ಪನ ಕೈಗೆ ಕೊಟ್ಟಳು. ಸ್ಟೀಲ್ ಡಬ್ಬಿ ತೆಗೆದುಕೊಂಡು ಅಡುಗೆಮನೆಗೆ ಹೋದಳು. ನಳಿನಿಬೆನ್ ಉಳಿದ ಮೊಸರನ್ನು ಚಿಕ್ಕ ಪಾತ್ರೆಗೆ ಬಗ್ಗಿಸುತ್ತಿದ್ದರು, ಅವಳ ಕಡೆ ತಿರುಗಲಿಲ್ಲ. ಅವರ ಬೆನ್ನು ಸೆಟೆದುಕೊಂಡಿತ್ತು. ಅವರಿಗೂ ಭಯ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

'ಎರಡು ಚಮಚ ಹಾಕಿಕೊಡಿ, ಅಹಮದಾಬಾದಿಗೆ' ಎಂದು ಡಬ್ಬಿ ಮುಂದೆ ಹಿಡಿದಳು. ಹೊರಗೆ ಅಪ್ಪನಿಗೆ ಕೇಳಿಸಲಿ ಎಂದೇ ದನಿ ಎತ್ತರಿಸಿ, ಹಿಂದಿಯಲ್ಲಿ, ನಿಲ್ಲಿಸದೆ ಹೇಳುತ್ತಾ ಹೋದಳು. 'ಅಪ್ಪನಿಗೆ ರಾತ್ರಿ ಹೊತ್ತು ಮೊಸರು ಕೊಡಬೇಡಿ, ಕೆಮ್ಮು ಹಿಡಿಯುತ್ತೆ. ಬಿ.ಪಿ. ಮಾತ್ರೆ ತಗೊಂಡೆ ಅಂತಾರೆ, ನಂಬಬೇಡಿ, ಮಾತ್ರೆಯ ಸ್ಟ್ರಿಪ್ ತೆಗೆದು ನೋಡಿ. ಅವರ ಕೈಯಲ್ಲಿರೋ ಕಡಲೆಕಾಯಿ ಎತ್ತಿಡಿ, ಒಂದೇ ಸಲಕ್ಕೆ ಮುಗಿಸಿ ಹೊಟ್ಟೆ ಹಿಡ್ಕೊಂಡು ಕೂರ್ತಾರೆ. ಅಮ್ಮನ ನೆನಪು ಬಂದಾಗ ಸುಮ್ಮನೆ ಎದ್ದುಹೋಗಿ ಕಪಾಟು ಸರಿಮಾಡ್ತಾರೆ. ಆಗ ಏನೂ ಕೇಳಬೇಡಿ. ಚಹಾ ಮಾಡಿ ಕೊಡಿ, ಸಾಕು.'

ನಳಿನಿಬೆನ್ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು. ಕನ್ನಡಕದ ಒಳಗೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು.

'ಲೇ, ಏನೇ ಅದು' ಎಂದು ಹೊರಗಿನಿಂದ ಅಪ್ಪನ ದನಿ ಬಂತು. 'ನನ್ನನ್ನೇನು ಹಾಸ್ಟೆಲಿಗೆ ಸೇರಿಸ್ತಿದ್ದೀಯಾ?' ಅವನೇ ಬಾಗಿಲಿಗೆ ಬಂದ, ಮುಷ್ಟಿಯಲ್ಲಿ ಕಡಲೆಕಾಯಿ. 'ವಿಂಧ್ಯಾ, ಅಂದ್ರೆ... ಹೂಂ ಅಂತಾನಾ?'

'ನಿನ್ನನ್ನ ಯಾರು ಕೇಳಿದ್ರು? ನಾನು ಅವರ ಹತ್ರ ಮಾತಾಡ್ತಿದ್ದೀನಿ' ಅಂದಳು ವಿಂಧ್ಯಾ.

ಅಪ್ಪ ಕಡಲೆಕಾಯಿಯನ್ನು ಮೇಜಿನ ಮೇಲಿಟ್ಟು ಒಳಗಿನ ಕೋಣೆಗೆ ಹೋದ. ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಅಂಗಿಯೊಂದನ್ನು ಕೊಡವಿದ ಸದ್ದು, ಮತ್ತೊಂದನ್ನು. ವಿಂಧ್ಯಾ ಆ ಕಡೆ ಹೆಜ್ಜೆ ಇಟ್ಟವಳು ನಿಂತಳು. ನಳಿನಿಬೆನ್ ಏನೂ ಕೇಳದೆ, ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟರು.